ದಾನಕ್ಕೆ ಡಂಗುರವೇಕೆ?

ಗಡಿಸೀಮೆಯ ನಮ್ಮ ಕನ್ನಡ ಶಾಲೆಗಳಿಗೆ ದಾನಿಗಳು ಬರುವುದು ಹೊಸತಲ್ಲ. ಬರಬಾರದೆಂದು ಹೇಳುವವರೂ ನಾವಲ್ಲ. ವಹಿ, ದಪ್ತರ, ಗಣವೇಷ, ಕುಡಿಯುವ ನೀರಿನ ಟಾಕಿ, ಇವುಗಳಲ್ಲಿ ಯಾವುದು ಬಂದರೂ ಶಾಲೆಗೆ ಲಾಭವೇ. ಆದರೆ ಈಚಿನ ವರ್ಷಗಳಲ್ಲಿ ದಾನದ ಬೆನ್ನಿಗೆ ಇನ್ನೊಂದು ಬರತೊಡಗಿದೆ. ಒಂದು ವಹಿಯನ್ನು ಕೊಡಲು ಐದು ಕೈಗಳು ಚಾಚಿಕೊಳ್ಳುತ್ತವೆ. ಮಗುವು ವಹಿಯನ್ನು ಹಿಡಿದು, ಕೊಟ್ಟವರ ಮುಖವನ್ನಲ್ಲ, ಮೊಬೈಲಿನ ಕಣ್ಣನ್ನು ನೋಡಬೇಕು. ಚಿತ್ರವು ಸರಿಯಾಗಿ ಮೂಡಲಿಲ್ಲವೆಂದರೆ ಕೊಟ್ಟ ವಹಿಯನ್ನು ಮರಳಿ ಇಸಿದುಕೊಂಡು ಮತ್ತೊಮ್ಮೆ ಕೊಡಬೇಕು! ರಮಜಾನ್ ತಿಂಗಳಲ್ಲಿ ಹಿಟ್ಟು, ಎಣ್ಣೆ, ಖರ್ಜೂರಗಳ ಕಿಟ್ ಹಂಚುವಾಗಲೂ ಇದೇ ವಿಧಿ. ಹಜ್ ಯಾತ್ರೆ ಮುಗಿಸಿ ಬಂದವರಿಗೆ ಊರ ಅಗಸಿಯಲ್ಲಿಯೇ ಫ್ಲೆಕ್ಸ್ ಬೋರ್ಡಿನ ಸ್ವಾಗತ, ಅನಂತರ ಹಾರ-ತುರಾಯಿ, ಶಾಲು, ಸತ್ಕಾರ.

ಕನ್ನಡ ಶಾಲೆಗಳಲ್ಲಿ ಕಲಿತು ಕನ್ನಡ ಶಾಲೆಗಳಲ್ಲಿಯೇ ಕಲಿಸುತ್ತಿರುವ ಮುಸಲ್ಮಾನ ಶಿಕ್ಷಕರು ನಾವು. ಈ ಆಡಂಬರವು ಎಲ್ಲ ಮತದವರಲ್ಲಿಯೂ ಉಂಟು. ಆದರೂ ಪರರ ಅಂಗಳವನ್ನು ಗುಡಿಸಲು ಹೊರಡುವುದು ನಮ್ಮ ಕೆಲಸವಲ್ಲ. ನಮ್ಮ ಧರ್ಮದ ಹೆಸರಿನಲ್ಲಿ ನಡೆಯುವ ದಾನವನ್ನು ಕುರಿತು ನಮ್ಮ ಧರ್ಮವೇ ಏನು ಹೇಳಿದೆಯೆಂಬುದನ್ನು ಸಹೋದ್ಯೋಗಿಗಳ ಮುಂದೆಯೂ, ಮೇಲಿನ ತರಗತಿಯ ವಿದ್ಯಾರ್ಥಿಗಳ ಮುಂದೆಯೂ ಇಡುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ಮೂರು ಅರಬ್ಬೀ ಪದಗಳನ್ನು ತಿಳಿದುಕೊಳ್ಳಬೇಕು. ‘ರಿಯಾ’ ಎಂಬುದು ನೋಡುವುದು ಎಂಬ ಧಾತುವಿನಿಂದ ಹುಟ್ಟಿದ ಪದ. ಪರರು ನೋಡಲೆಂದು ಮಾಡಿದ ಸತ್ಕರ್ಮವೇ ರಿಯಾ. ‘ಸುಮ್‌ಆ’ ಎಂಬುದು ಕೇಳುವುದು ಎಂಬ ಧಾತುವಿನದು. ಪರರ ಕಿವಿಗೆ ಬೀಳಲೆಂದು ಮಾಡಿದ ಸತ್ಕರ್ಮ ಅದು. ಮೂರನೆಯದಾದ ‘ಇಖ್ಲಾಸ್’ ಎಂದರೆ ಕಲಬೆರಕೆಯಿಲ್ಲದಂತೆ ಸೋಸಿ ಶುದ್ಧಮಾಡುವುದು. ಕುರಾನಿನ ೧೧೨ನೆಯ ಅಧ್ಯಾಯಕ್ಕೆ ಇಖ್ಲಾಸ್ ಎಂದೇ ಹೆಸರು. ಸೋಜಿಗವೆಂದರೆ ಆ ಅಧ್ಯಾಯದೊಳಗೆ ಆ ಪದವು ಒಮ್ಮೆಯೂ ಬರುವುದಿಲ್ಲ. ಅಲ್ಲಿ ಇರುವುದು ದೇವರ ಏಕತ್ವವೊಂದೇ. ಇಖ್ಲಾಸ್ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದಿಲ್ಲವೆಂದು ನಾವು ವಿದ್ಯಾರ್ಥಿಗಳಿಗೆ ವಿನೋದವಾಗಿ ಹೇಳುವುದುಂಟು. ಇದು ವ್ಯಾಖ್ಯಾನಕಾರರ ಮಾತಲ್ಲ, ನಮ್ಮದು.

ಪೈಗಂಬರರ ವಚನಗಳ ಸಂಗ್ರಹಗಳಲ್ಲಿ ಅಗ್ರಗಣ್ಯವಾದ ಬುಖಾರಿಯವರ ಗ್ರಂಥವು ಯಾವ ವಚನದಿಂದ ಆರಂಭವಾಗುತ್ತದೆಂಬುದನ್ನು ಗಮನಿಸಬೇಕು. ಖಲೀಫ ಉಮರರು ಹೇಳಿದ ಆ ಹದೀಸು, ಕರ್ಮಗಳ ಬೆಲೆಯು ಅವುಗಳ ಹಿಂದಿನ ಸಂಕಲ್ಪದಂತೆ ಎಂಬುದನ್ನು ಸಾರುತ್ತದೆ. ಅದಕ್ಕೆ ಕೊಟ್ಟ ಉದಾಹರಣೆಯೋ, ಸಾಮಾನ್ಯವಾದುದಲ್ಲ. ಕ್ರಿ. ಶ. ೬೨೨ರಲ್ಲಿ ಮಕ್ಕೆಯನ್ನು ಬಿಟ್ಟು ಮದೀನೆಗೆ ಹೋದ ಹಿಜರತ್ತು ಮುಸಲ್ಮಾನರ ಶಕವೇ ಆರಂಭವಾದ ಘಟನೆ. ಅಂಥ ಯಾತ್ರೆಯನ್ನೂ ಒಬ್ಬನು ಲಾಭಕ್ಕಾಗಿ ಅಥವಾ ಒಬ್ಬ ಹೆಣ್ಣನ್ನು ಮದುವೆಯಾಗಲಿಕ್ಕೆಂದು ಮಾಡಿದ್ದರೆ, ಅವನ ಯಾತ್ರೆಗೆ ಆ ಫಲವೇ ಹೊರತು ಬೇರೆಯದಿಲ್ಲ. ಹಿಜರತ್ತಿಗೇ ಈ ಗತಿಯಾದರೆ ವಹಿ ಹಂಚಿದ ಪುಣ್ಯದ ಗತಿಯೇನು?

ಇದಕ್ಕಿಂತಲೂ ಕಠೋರವಾದ ಹದೀಸೊಂದು ಮುಸ್ಲಿಂ ಎಂಬವರ ಸಂಗ್ರಹದಲ್ಲಿದೆ. ಅಬೂ ಹುರೈರಾ ಅವರಿಂದ ಬಂದುದು. ತೀರ್ಪಿನ ದಿನದಂದು ಮೊದಲು ವಿಚಾರಣೆಗೆ ನಿಲ್ಲುವವರು ಮೂವರು. ಅವರು ಕಳ್ಳರಲ್ಲ, ಕೊಲೆಗಡುಕರಲ್ಲ. ಒಬ್ಬನು ರಣದಲ್ಲಿ ಮಡಿದ ವೀರ, ಒಬ್ಬನು ಕಲಿತು ಕಲಿಸಿದ ವಿದ್ವಾಂಸ, ಒಬ್ಬನು ಕೈ ಬಿಚ್ಚಿ ಕೊಟ್ಟ ಧನಿಕ. ಮೂವರೂ ತಾವು ದೇವರಿಗಾಗಿ ಮಾಡಿದೆವೆಂದೇ ಹೇಳುತ್ತಾರೆ. ಅವರಿಗೆ ದೊರೆಯುವ ಉತ್ತರದ ತಾತ್ಪರ್ಯವಿಷ್ಟು: ಜನರು ನಿಮ್ಮನ್ನು ಶೂರನೆಂದು, ಪಂಡಿತನೆಂದು, ಉದಾರಿಯೆಂದು ಕರೆಯಲೆಂದು ನೀವು ಮಾಡಿದಿರಿ, ಜನರು ಹಾಗೆ ಕರೆದರು, ಲೆಕ್ಕ ಚುಕ್ತವಾಯಿತು. ಮೂವರಲ್ಲಿ ನಡುವಿನವನು ಶಿಕ್ಷಕನೆಂಬುದನ್ನು ನಮ್ಮ ಸಹೋದ್ಯೋಗಿಗಳು ಮರೆಯಬಾರದು. ದಾನಿಯನ್ನು ದೂರಿ ನಾವು ಮಾತ್ರ ಬದಿಗೆ ಸರಿದು ನಿಲ್ಲುವಂತೆ ಆ ಹದೀಸು ಬಿಟ್ಟಿಲ್ಲ.

ಇಷ್ಟನ್ನು ಹೇಳಿದೊಡನೆಯೇ ಆಕ್ಷೇಪವೊಂದು ಏಳುತ್ತದೆ. ಸಂಕಲ್ಪವು ಹೃದಯದ ಮಾತು; ದಾನಿಯ ಹೃದಯವನ್ನು ಇಣಿಕಿ ನೋಡಿದವರು ಯಾರು? ಚಿತ್ರ ತೆಗೆಸಿಕೊಂಡ ಮಾತ್ರಕ್ಕೆ ಅವನು ಕೀರ್ತಿಕಾಮಿಯೆಂದು ನಿರ್ಣಯಿಸಲು ಶಾಲಾಮಾಸ್ತರರಿಗೆ ಅಧಿಕಾರವೇನು?

ಈ ಆಕ್ಷೇಪವು ನ್ಯಾಯವಾದುದೇ. ಯುದ್ಧದಲ್ಲಿ ಕೈಗೆ ಸಿಕ್ಕಿದ ಶತ್ರುವೊಬ್ಬನು ಕತ್ತಿಯನ್ನು ಕಂಡು ದೇವರೊಬ್ಬನೇ ಎಂದು ಉಚ್ಚರಿಸಿದಾಗ, ಅವನು ಜೀವಭಯದಿಂದ ಹೇಳಿದನೆಂದು ಬಗೆದು ಉಸಾಮಾ ಬಿನ್ ಜೈದರು ಅವನನ್ನು ಕೊಂದರು. ಅದನ್ನು ಕೇಳಿ ಪೈಗಂಬರರು ಅತ್ಯಂತ ನೊಂದು, ಅವನ ಎದೆಯನ್ನು ಸೀಳಿ ನೋಡಿದ್ದೆಯೇನೆಂದು ಉಸಾಮಾರನ್ನು ಪದೇ ಪದೇ ಕೇಳಿದರೆಂದು ಹದೀಸುಗಳಲ್ಲಿದೆ. ಆದುದರಿಂದ ಯಾವ ದಾನಿಯ ಎದೆಯನ್ನೂ ನಾವು ಸೀಳಿ ನೋಡಲಾರೆವು, ನೋಡಲು ಹೊರಟಿಲ್ಲ. ಅವನ ರಿಯಾ ಅವನಿಗೆ, ಅವನ ಇಖ್ಲಾಸ್ ಅವನಿಗೆ.

ಆದರೆ ಕುರಾನು ದಾನವನ್ನು ಕೆಡಿಸುವ ಕಾರಣಗಳನ್ನು ಹೇಳುವಾಗ ಹೃದಯದ ದೋಷವೊಂದನ್ನೇ ಹೇಳಿ ನಿಲ್ಲಿಸಿಲ್ಲ. ಎರಡನೆಯ ಅಧ್ಯಾಯದ ೨೬೨ರಿಂದ ೨೬೪ರವರೆಗಿನ ವಾಕ್ಯಗಳನ್ನು ಓದಬೇಕು. ಅಲ್ಲಿ ಎರಡು ಪದಗಳು ಜೊತೆಜೊತೆಯಾಗಿ ಬರುತ್ತವೆ: ‘ಮನ್ನ್’ ಮತ್ತು ‘ಅಜಾ’. ಕೊಟ್ಟುದನ್ನು ಎತ್ತಿ ಆಡಿ ತೋರಿಸುವುದು ಮನ್ನ್. ಪಡೆದವನ ಮನಸ್ಸನ್ನು ನೋಯಿಸುವುದು ಅಜಾ. ಇವೆರಡೂ ದಾನವನ್ನು ವ್ಯರ್ಥಗೊಳಿಸುತ್ತವೆ. ಜನರಿಗೆ ತೋರಿಸಲೆಂದು ಖರ್ಚು ಮಾಡುವವನನ್ನು ಅಲ್ಲಿಯೇ ಒಂದು ಬಂಡೆಗೆ ಹೋಲಿಸಿದೆ: ಮೇಲೆ ತೆಳುವಾಗಿ ಮಣ್ಣು ಕೂತಿದೆ, ಜೋರಾದ ಮಳೆ ಬಿತ್ತು, ಮಣ್ಣೆಲ್ಲ ಕೊಚ್ಚಿಹೋಗಿ ಬಂಡೆ ಬೋಳಾಯಿತು. ನಮ್ಮ ಬರದ ಸೀಮೆಯ ಒಕ್ಕಲು ಮಕ್ಕಳಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ.

ರಿಯಾ ಕೊಡುವವನ ಎದೆಯೊಳಗಿದೆ. ಅದು ನಮಗೆ ಕಾಣಿಸದು. ಅಜಾ ಇರುವುದು ಪಡೆಯುವವನ ಮುಖದ ಮೇಲೆ. ಅದು ಕಾಣಿಸುತ್ತದೆ. ದಿನವೂ ಮಕ್ಕಳ ಮುಖವನ್ನು ನೋಡಿಯೇ ಪಾಠ ತಿಳಿಯಿತೋ ಇಲ್ಲವೋ ಎಂದು ಅರಿಯುವ ಶಿಕ್ಷಕನಿಗೆ ಅದು ಕಾಣಿಸದು ಎಂದರೆ ಯಾರು ನಂಬುವರು? ಏಳನೆಯ ತರಗತಿಯ ಹುಡುಗಿಯೊಬ್ಬಳು ‘ಬಡ ವಿದ್ಯಾರ್ಥಿಗಳು’ ಎಂಬ ಬರಹದ ಕೆಳಗೆ ನಿಂತಾಗ ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಕಾಲಿನ ಹೆಬ್ಬೆರಳನ್ನು ನೋಡುತ್ತಾಳೆ. ಆ ಚಿತ್ರವು ಸಂಜೆಯೊಳಗೆ ಊರಿನವರೆಲ್ಲರ ಮೊಬೈಲಿಗೆ ಬರುತ್ತದೆ. ಮರುದಿನ ಅವಳ ಗೆಳತಿಯರೇ ಅವಳಿಗೆ ತೋರಿಸುತ್ತಾರೆ. ದಾನಿಯು ಪರಮ ಪ್ರಾಮಾಣಿಕನೇ ಆಗಿರಲಿ, ಅವನ ಸಂಕಲ್ಪವು ಹಾಲಿನಷ್ಟು ಶುಭ್ರವಾಗಿರಲಿ, ಅಜಾ ನಡೆದುಹೋಯಿತು. ಆದಕಾರಣ ಹೃದಯವನ್ನು ತೀರ್ಪು ಮಾಡಬಾರದೆಂಬ ನ್ಯಾಯವು ಈ ಪದ್ಧತಿಯನ್ನು ಕಾಪಾಡಲಾರದು.

ಏಳೇ ವಾಕ್ಯಗಳ ‘ಮಾಊನ್’ ಅಧ್ಯಾಯವನ್ನೂ ಇಲ್ಲಿ ನೆನೆಯಬೇಕು, ಅದು ೧೦೭ನೆಯದು. ತೋರಿಕೆಗೆ ನಮಾಜು ಮಾಡುವವರನ್ನು ಅದು ಖಂಡಿಸುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಅದರ ಆರಂಭದಲ್ಲಿ ಬರುವವನು ಅನಾಥನನ್ನು ದೂಡುವವನು. ಕೊನೆಯಲ್ಲಿ ಬರುವುದು ಮಾಊನನ್ನು ನಿರಾಕರಿಸುವ ಜಿಪುಣತನ. ಮಾಊನ್ ಎಂದರೆ ನೆರೆಮನೆಯವರು ಕೈಗಡ ಕೇಳುವ ಗಡಿಗೆ, ಕೊಡಲಿ, ನೀರು ಸೇದುವ ಕೊಡ ಎಂದು ಹಳೆಯ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ತೋರಿಕೆಯವನು ದೊಡ್ಡದನ್ನು ಕೊಟ್ಟಾನು. ಯಾರಿಗೂ ಕಾಣದ ಕೊಡಲಿಯನ್ನು ಕೊಡಲಾರ.

ಇನ್ನು ಎರಡನೆಯ ಆಕ್ಷೇಪ. ಇದು ಮೊದಲಿನದಕ್ಕಿಂತ ಬಲವಾದುದು. ಬಹಿರಂಗವಾಗಿ ಕೊಟ್ಟರೆ ಇತರರಿಗೆ ಪ್ರೇರಣೆ ದೊರೆಯುತ್ತದೆ, ಕುರಾನೇ ಬಹಿರಂಗದಾನವನ್ನು ಒಪ್ಪಿದೆ ಎಂದು ಹೇಳುವವರಿದ್ದಾರೆ. ಒಪ್ಪಿರುವುದು ನಿಜ. ಅದೇ ಎರಡನೆಯ ಅಧ್ಯಾಯದ ೨೭೧ನೆಯ ವಾಕ್ಯವು ಬಹಿರಂಗದಾನವನ್ನು ಒಳ್ಳೆಯದೆಂದು ಹೇಳಿ, ಬಡವರಿಗೆ ಗುಟ್ಟಾಗಿ ಕೊಡುವುದು ಇನ್ನೂ ಒಳ್ಳೆಯದೆಂದು ಹೇಳುತ್ತದೆ. ಕಡ್ಡಾಯವಾದ ಜಕಾತನ್ನು ಬಹಿರಂಗವಾಗಿ ಕೊಡಬೇಕು, ಸ್ವಂತ ಇಚ್ಛೆಯ ಸದಕಾವನ್ನು ಗುಪ್ತವಾಗಿ ಕೊಡಬೇಕೆಂದು ಅನೇಕ ವ್ಯಾಖ್ಯಾನಕಾರರು ವಿಂಗಡಿಸಿದ್ದಾರೆ. ವಾದಕ್ಕಿಳಿಯುವವರು ಮೊದಲ ಅರ್ಧವನ್ನು ಓದಿ ಪುಸ್ತಕವನ್ನು ಮುಚ್ಚಬಾರದು.

ಅವರ ಪಕ್ಷದಲ್ಲಿ ಒಂದು ಹದೀಸೂ ಇದೆ. ಅದನ್ನು ಅವರು ಸಾಮಾನ್ಯವಾಗಿ ಹೇಳುವುದಿಲ್ಲ. ಆದುದರಿಂದ ಅವರ ಪರವಾಗಿ ನಾವೇ ಹೇಳುತ್ತೇವೆ. ಮುದರ್ ಕುಲದ ಕೆಲವರು ಮದೀನೆಗೆ ಬಂದರು. ಮೈಮೇಲೆ ಸರಿಯಾದ ಬಟ್ಟೆಯಿಲ್ಲ. ಕಂಬಳಿಯನ್ನು ನಡುವೆ ಹರಿದು ತಲೆ ತೂರಿಸಿಕೊಂಡಿದ್ದರು. ಅವರ ಹಸಿವನ್ನು ಕಂಡು ಪೈಗಂಬರರ ಮುಖವು ಬಾಡಿತು. ನಮಾಜಿನ ತರುವಾಯ ಜನರಿಗೆ ಕೊಡಿರೆಂದು ಬೋಧಿಸಿದರು. ಆಗ ಮದೀನೆಯ ಅನ್ಸಾರರಲ್ಲಿ ಒಬ್ಬನು ಎತ್ತಲಾರದಷ್ಟು ಭಾರವಾದ ಹಮ್ಮಿಣಿಯನ್ನು ತಂದಿಟ್ಟನು. ಅವನನ್ನು ನೋಡಿ ಉಳಿದವರೂ ತಂದರು. ಕಾಳು-ಬಟ್ಟೆಗಳ ಎರಡು ರಾಶಿಗಳಾದವು. ಆಗಲೇ ಪೈಗಂಬರರು, ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿದವನಿಗೆ ತನ್ನ ಪುಣ್ಯವೂ, ಅವನನ್ನು ಅನುಸರಿಸಿದವರ ಪುಣ್ಯಕ್ಕೆ ಸಮನಾದುದೂ ಉಂಟೆಂದರು.

ಬಹಿರಂಗದಾನಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕೆ? ಬೇಡ. ಆದರೆ ಅಲ್ಲಿ ನಡೆದುದನ್ನು ನಮ್ಮ ಶಾಲೆಯ ಮೈದಾನದಲ್ಲಿ ನಡೆಯುವುದರೊಡನೆ ಹೋಲಿಸಿ ನೋಡಿರಿ. ಬಡವರನ್ನು ಸಾಲಾಗಿ ನಿಲ್ಲಿಸಿ ದಾನಿಯ ಕೈಯಿಂದ ಒಬ್ಬೊಬ್ಬರೂ ಪಡೆಯುವಂತೆ ಮಾಡಲಿಲ್ಲ. ವಸ್ತುಗಳು ರಾಶಿಯಾಗಿ ಬಿದ್ದುವು, ಯಾರದು ಯಾರಿಗೆ ಹೋಯಿತೆಂಬ ಲೆಕ್ಕವಿರಲಿಲ್ಲ. ಪಡೆದವರಿಂದ ಆಭಾರಭಾಷಣ ಮಾಡಿಸಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ಮೊದಲ ದಾನಿಯ ಹೆಸರೇನು? ಹದೀಸಿನಲ್ಲಿ ಅವನು ‘ಅನ್ಸಾರರಲ್ಲಿ ಒಬ್ಬನು’ ಮಾತ್ರ. ಹದೀಸುಗಳಲ್ಲಿ ಹೇಳಿದವನ ಹೆಸರು, ಅವನಿಗೆ ಹೇಳಿದವನ ಹೆಸರು, ಹೀಗೆ ತಲೆತಲಾಂತರದ ಸರಪಳಿಯನ್ನೇ ಕಾಪಾಡಿದ ಜನರು ಅವರು. ಅವರ ಹೇಳಿಕೆಯಲ್ಲಿಯೇ ದಾನಿಯ ಹೆಸರಿಲ್ಲ. ಮೇಲ್ಪಂಕ್ತಿ ಉಳಿಯಿತು, ಪ್ರೇರಣೆ ದೊರೆಯಿತು, ಹೆಸರು ಬೇಕಾಗಲಿಲ್ಲ. ಪ್ರೇರಣೆಗಾಗಿ ಫ್ಲೆಕ್ಸ್ ಬೋರ್ಡು ಎಂಬ ವಾದವು ಅವರದೇ ಪ್ರಮಾಣದಿಂದ ಮುರಿದುಬೀಳುತ್ತದೆ.

ಗುಟ್ಟಾಗಿ ಕೊಡುವುದೆಂದರೆ ಹೇಗೆಂಬುದಕ್ಕೆ ಮದೀನೆಯದೇ ಇನ್ನೊಂದು ವೃತ್ತಾಂತವುಂಟು. ಕರ್ಬಲಾದಲ್ಲಿ ಕ್ರಿ. ಶ. ೬೮೦ರಲ್ಲಿ ಮಡಿದ ಹುಸೇನರ ಮಗ ಅಲಿ. ಅವರನ್ನು ಜೈನುಲ್ ಆಬಿದೀನ್, ಅಂದರೆ ಆರಾಧಕರ ಭೂಷಣ ಎಂದು ಕರೆಯುತ್ತಾರೆ. ಇವರು ತೀರಿಕೊಂಡುದು ೭೧೩ರ ಸುಮಾರಿಗೆ. ಬದುಕಿದ್ದಾಗ ಕೆಲವರು ಇವರನ್ನು ಜಿಪುಣನೆಂದು ಆಡಿಕೊಂಡುದೂ ಉಂಟಂತೆ. ಮದೀನೆಯ ಅನೇಕ ಬಡ ಮನೆಗಳ ಬಾಗಿಲಿಗೆ ರಾತ್ರಿಯ ಹೊತ್ತು ಹಿಟ್ಟಿನ ಚೀಲ ಬರುತ್ತಿತ್ತು. ತಂದವರು ಯಾರೆಂದು ಉಂಡವರಿಗೆ ತಿಳಿಯದು. ಅಲಿ ತೀರಿಕೊಂಡರು; ಚೀಲಗಳು ಬರುವುದು ನಿಂತಿತು. ಶವಕ್ಕೆ ಸ್ನಾನ ಮಾಡಿಸಿದವರು ಬೆನ್ನಿನ ಮೇಲೆ ಹೊರೆ ಹೊತ್ತ ಕರೆಗಳನ್ನು ಕಂಡು ವಿಚಾರಿಸಿದಾಗ ಸಂಗತಿ ಹೊರಬಿದ್ದಿತು. ಹಳೆಯ ಚರಿತ್ರಕಾರರು ಇದನ್ನು ಹೀಗೆ ಬರೆದಿಟ್ಟಿದ್ದಾರೆ. ಕತ್ತಲೆಯಲ್ಲಿ ಕೊಟ್ಟುದರಿಂದ ಕೊಟ್ಟವರ ಮುಖ ಮಾತ್ರವಲ್ಲ, ಪಡೆದವರ ಮುಖವೂ ಮುಚ್ಚಿತ್ತು. ಗುಪ್ತದಾನದ ಈ ಎರಡನೆಯ ಲಾಭವನ್ನು ಜನರು ಅಷ್ಟಾಗಿ ಎಣಿಸುವುದಿಲ್ಲ.

ಈಗ ಶಿಕ್ಷಕರ ಮಾತಿಗೆ ಬರೋಣ. ಇಲ್ಲಿ ಇಮಾಮ್ ಗಜಾಲಿಯವರ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳದೆ ನಿರ್ವಾಹವಿಲ್ಲ. ಇರಾನದ ತೂಸ್ ಸೀಮೆಯಲ್ಲಿ ೧೦೫೮ರಲ್ಲಿ ಹುಟ್ಟಿದ ಗಜಾಲಿ, ೧೦೯೧ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ, ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಮುಖ್ಯಾಧ್ಯಾಪಕರಾದರು. ಸೆಲ್ಜುಕ್ ಮಂತ್ರಿ ನಿಜಾಮುಲ್ ಮುಲ್ಕ್ ಸ್ಥಾಪಿಸಿದ ವಿದ್ಯಾಲಯ. ದಾನಿಯ ಹೆಸರೇ ಅದರ ಹೆಸರು! ಗಜಾಲಿಯವರ ಬಳಿ ಮುನ್ನೂರು ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಅಂದಿನ ಮುಸ್ಲಿಂ ಜಗತ್ತಿನಲ್ಲಿ ಅಧ್ಯಾಪಕನೊಬ್ಬನಿಗೆ ಅದಕ್ಕಿಂತ ದೊಡ್ಡ ಗದ್ದುಗೆ ವಿರಳ. ನಾಲ್ಕು ವರ್ಷಗಳಲ್ಲಿ ಅವರು ತಮ್ಮ ಕಲಿಸುವಿಕೆಯನ್ನೇ ಪರೀಕ್ಷಿಸಿ ನೋಡಿಕೊಂಡರು. ಅದು ದೇವರಿಗಾಗಿ ಅಲ್ಲ, ಪ್ರತಿಷ್ಠೆ ಮತ್ತು ಕೀರ್ತಿಯ ಹಂಬಲದಿಂದ ನಡೆಯುತ್ತಿದೆಯೆಂದು ಕಂಡುಕೊಂಡುದಾಗಿ ಅವರೇ ತಮ್ಮ ಆತ್ಮವೃತ್ತದಲ್ಲಿ ಬರೆದಿದ್ದಾರೆ. ೧೦೯೫ರ ಸುಮಾರು ಆರು ತಿಂಗಳು ಬಿಡಲೂ ಆಗದೆ ಇರಲೂ ಆಗದೆ ತೊಳಲಾಡಿದರು. ಕಡೆಗೆ ನಾಲಿಗೆ ಕಟ್ಟಿತು, ವಿದ್ಯಾರ್ಥಿಗಳ ಮುಂದೆ ಕುಳಿತರೆ ಮಾತು ಹೊರಡದು, ಅನ್ನ ಸೇರದು, ವೈದ್ಯರು ಕೈಬಿಟ್ಟರು. ಮಕ್ಕೆಗೆ ಹೋಗುವೆನೆಂದು ಹೇಳಿ ಬಾಗ್ದಾದನ್ನು ಬಿಟ್ಟು ದಮಾಸ್ಕಸ್ಸಿಗೆ ಹೋಗಿ ಏಕಾಂತದಲ್ಲಿ ನೆಲಸಿದರು.

ಅವರನ್ನು ನೇಮಿಸಿದ ಮಂತ್ರಿಯು ೧೦೯೨ರಲ್ಲಿ ಕೊಲೆಯಾಗಿದ್ದನಾದ್ದರಿಂದ ರಾಜಕೀಯದ ಭಯವೂ ಇದ್ದಿರಬಹುದೆಂದು ಕೆಲವು ಇತಿಹಾಸಕಾರರು ಊಹಿಸುತ್ತಾರೆ. ಇರಲಿ. ನಮಗೆ ಮುಖ್ಯವಾದುದು ಅವರು ಹನ್ನೊಂದು ವರ್ಷಗಳ ನಂತರ, ೧೧೦೬ರಲ್ಲಿ, ನಿಶಾಪುರದಲ್ಲಿ ಮತ್ತೆ ಪಾಠಕ್ಕೆ ಕುಳಿತರೆಂಬುದು. ಕೀರ್ತಿಯ ಭಯದಿಂದ ಕೆಲಸವನ್ನೇ ಬಿಟ್ಟುಕೊಡುವುದು ಅವರ ಮತವಲ್ಲ. ಫುದೈಲ್ ಬಿನ್ ಇಯಾಜ್ ಎಂಬ ಸಂತನು (ಮರಣ ೮೦೩) ಅವರಿಗಿಂತ ಮೊದಲೇ, ಜನರು ಏನೆಂದಾರೆಂದು ಸತ್ಕರ್ಮವನ್ನು ಬಿಡುವುದೂ ರಿಯಾದ ಇನ್ನೊಂದು ಮುಖವೆಂದು ಎಚ್ಚರಿಸಿದ್ದನು. ಆದುದರಿಂದ ನಮ್ಮ ಲೇಖನವನ್ನು ಓದಿ ಯಾರಾದರೂ ದಾನವನ್ನೇ ನಿಲ್ಲಿಸಿದರೆ ಅವರು ನಮ್ಮನ್ನು ಸರಿಯಾಗಿ ಓದಿಲ್ಲವೆಂದೇ ಅರ್ಥ.

ನಲವತ್ತು ಪುಸ್ತಕಗಳ ‘ಇಹ್ಯಾ’ ಎಂಬ ತಮ್ಮ ಮಹಾಗ್ರಂಥದಲ್ಲಿ ಗಜಾಲಿ ಪ್ರತಿಷ್ಠೆ ಮತ್ತು ತೋರಿಕೆಗಳ ಖಂಡನೆಗೆಂದೇ ಒಂದು ಪುಸ್ತಕವನ್ನು ಮೀಸಲಿಟ್ಟರು. ಅದೇ ಗ್ರಂಥದ ಮೊದಲ ಪುಸ್ತಕದಲ್ಲಿ ಶಿಕ್ಷಕನ ಕರ್ತವ್ಯಗಳಿವೆ. ಅವುಗಳಲ್ಲಿ ಒಂದು, ಶಿಷ್ಯನಿಂದ ಕೃತಜ್ಞತೆಯನ್ನೂ ಬಯಸಬಾರದೆಂಬುದು. ಇನ್ನೊಂದು, ಶಿಷ್ಯನ ತಪ್ಪನ್ನು ನೇರವಾಗಿ ಎತ್ತಿ ಆಡಿ ಹಂಗಿಸದೆ ಆದಷ್ಟು ಸೂಚನೆಯಿಂದ, ಕರುಣೆಯಿಂದ ತಿದ್ದಬೇಕೆಂಬುದು. ತಪ್ಪನ್ನು ಕೂಡ ಬಯಲು ಮಾಡಬಾರದಾದರೆ, ತಪ್ಪೇ ಅಲ್ಲದ ಬಡತನವನ್ನು ಧ್ವನಿವರ್ಧಕದಲ್ಲಿ ಹೆಸರು ಕೂಗಿ ಬಯಲು ಮಾಡುವುದು ಯಾವ ಶಿಕ್ಷಣಶಾಸ್ತ್ರ? ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಬಾಲಮನಶ್ಶಾಸ್ತ್ರವನ್ನು ಕಲಿಸಿದವರು ಇದನ್ನು ಕಲಿಸಿದ್ದಿಲ್ಲ.

ವಿನಯದ ವಿಷಯವಾಗಿಯೂ ಎರಡು ಮಾತು ಆಡಬೇಕು. ಸಭೆಗಳಲ್ಲಿ ‘ಅಲ್ಪನಾದ ನಾನು’ ಎಂದು ಆರಂಭಿಸಿ ಮುಕ್ಕಾಲು ಗಂಟೆ ತಮ್ಮ ಸೇವೆಯನ್ನೇ ಬಣ್ಣಿಸುವವರನ್ನು ಎಲ್ಲರೂ ಬಲ್ಲರು. ಉರ್ದುವಿನಲ್ಲಿ ‘ಖಾಕ್ಸಾರ್’, ಅಂದರೆ ಧೂಳಿಗೆ ಸಮಾನನು, ಎಂದು ರುಜು ಹಾಕುವ ಪದ್ಧತಿಯುಂಟು. ಧೂಳಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕದಿದ್ದರೆ ಮಾತ್ರ ಸಿಟ್ಟು ಬರುತ್ತದೆ. ಈ ರೋಗವು ಪುರಾತನವಾದುದು. ಒಂಬತ್ತನೆಯ ಶತಮಾನದಲ್ಲಿ ನಿಶಾಪುರದಲ್ಲಿ ಮಲಾಮತಿಗಳೆಂಬ ಪಂಥವೇ ಇತ್ತು. ಹಮ್ದೂನ್ ಕಸ್ಸಾರ್ (ಮರಣ ೮೮೪) ಅವರಲ್ಲಿ ಪ್ರಸಿದ್ಧನು. ಸಂತರ ಉಣ್ಣೆಯ ಅಂಗಿಯೇ ಮರ್ಯಾದೆಯ ಲಾಂಛನವಾಗಿಬಿಟ್ಟುದನ್ನು ಕಂಡು, ಅವರು ಪೇಟೆಯವರಂತೆ ಉಟ್ಟು, ಪೇಟೆಯವರಂತೆ ದುಡಿದು, ಭಕ್ತಿಯನ್ನು ಅಡಗಿಸಿಟ್ಟರು. ಅಡಗಿಸುವುದರಲ್ಲಿಯೇ ಹೆಸರು ಪಡೆದುದು ಅವರ ಸಂಕಟ.

ಹಾಗೆಂದು ಹರಕು ಬಟ್ಟೆಯೇ ವಿನಯವಲ್ಲ. ಸಾಸಿವೆಕಾಳಿನಷ್ಟು ಗರ್ವವಿದ್ದವನಿಗೂ ಸ್ವರ್ಗವಿಲ್ಲವೆಂದು ಪೈಗಂಬರರು ಹೇಳಿದಾಗ, ಒಳ್ಳೆಯ ಬಟ್ಟೆ, ಒಳ್ಳೆಯ ಮೆಟ್ಟು ಬಯಸುವುದೂ ಗರ್ವವೇ ಎಂದು ಒಬ್ಬನು ಕೇಳಿದನು. ಅಲ್ಲವೆಂದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು, ಇವೇ ಗರ್ವವೆಂದು ವಿವರಿಸಿದರು. ನಮ್ಮ ನೆರೆಯ ಬಿಜಾಪುರದಲ್ಲಿ ೧೬೫೬ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋಲಗುಮ್ಮಟವು ಮೈಲುಗಳಾಚೆಯಿಂದ ಕಾಣುತ್ತದೆ. ೧೬೮೬ರಲ್ಲಿ ಆ ರಾಜ್ಯವನ್ನು ನುಂಗಿದ ಔರಂಗಜೇಬನು ಖುಲ್ದಾಬಾದಿನಲ್ಲಿ ಮಾಡಿಲ್ಲದ ಮಣ್ಣಿನ ಗೋರಿಯಲ್ಲಿದ್ದಾನೆ. ಸುತ್ತಲಿನ ಅಮೃತಶಿಲೆಯ ಜಾಲಂಧ್ರವು ಎಷ್ಟೋ ಕಾಲದ ಮೇಲೆ ಇತರರು ಹಾಕಿಸಿದುದು. ಗುಮ್ಮಟದವನು ಗರ್ವಿ, ಮಣ್ಣಿನವನು ವಿನೀತ ಎಂದು ಮಕ್ಕಳಿಗೆ ಪಾಠ ಹೇಳುವವರಿದ್ದಾರೆ. ತಂದೆಯನ್ನು ಸೆರೆಯಲ್ಲಿಟ್ಟು ಪಟ್ಟವೇರಿದವನ ವಿನಯವನ್ನು ಗೋರಿಯ ಎತ್ತರದಿಂದ ಅಳೆಯುವುದು ಅವಸರದ ಕೆಲಸ. ಉಸಾಮಾರಿಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ಕಟ್ಟಕಡೆಯದಾಗಿ, ಹೆಸರು ಹಾಕದಿದ್ದರೆ ಹಣ ಬಾರದು, ಗಡಿಯ ಶಾಲೆಗಳಿಗೆ ಅದಕ್ಕಿಂತ ಬೇರೆ ಗತಿಯಿಲ್ಲ ಎಂಬ ಮಾತು. ಹೀಗೆ ಹೇಳುವವರು ದಾನಿಗಳನ್ನು ನಮಗಿಂತಲೂ ಕೀಳಾಗಿ ಕಾಣುತ್ತಾರೆಂಬುದು ಅವರಿಗೆ ಹೊಳೆದಂತಿಲ್ಲ. ಚಿತ್ರವಿಲ್ಲದಿದ್ದರೆ ಕೊಡಲಾರನೆಂದು ದಾನಿಯ ಎದೆಯನ್ನು ಸೀಳಿ ನೋಡಿದವರು ಅವರೇ ಅಲ್ಲವೇ? ಎಷ್ಟೋ ಜನ ದಾನಿಗಳು ರೂಢಿಯಿದೆಯೆಂದು ನಿಲ್ಲುತ್ತಾರೆ. ನಿಲ್ಲಬೇಕಾಗಿಲ್ಲವೆಂದು ಶಾಲೆಯವರು ಹೇಳಿದರೆ ಸಂತೋಷದಿಂದ ಮನೆಗೆ ಹೋಗುತ್ತಾರೆ. ಹೆಸರು ಬೇಕೇ ಬೇಕು ಎನ್ನುವವರಿದ್ದರೆ ಟಾಕಿಯ ಮೇಲೆ ಕೆತ್ತಿಸಲಿ, ಕಲ್ಲಿಗೆ ನಾಚಿಕೆಯಿಲ್ಲ. ಮಗುವಿನ ಮುಖವು ಹೆಸರು ಬರೆಯುವ ಹಲಗೆಯಲ್ಲ. ಮಗುವಿನ ಮುಖವನ್ನು ಕೊಡಲು ಮುಖ್ಯಾಧ್ಯಾಪಕರಿಗೆ ಅಧಿಕಾರವನ್ನು ಕೊಟ್ಟವರೂ ಯಾರೂ ಇಲ್ಲ.

ಬರುವ ಜೂನಿನಲ್ಲಿ ಶಾಲೆಗಳು ತೆರೆಯುವಾಗ ಸಂಘದ ಸದಸ್ಯರಾದ ಶಿಕ್ಷಕರೆಲ್ಲರೂ ಇಷ್ಟನ್ನು ನಡೆಸಿ ನೋಡಬೇಕು. ಬಂದ ವಸ್ತುಗಳನ್ನು ದಾನಿಯ ಮುಂದೆಯೇ ಎಣಿಸಿ, ರುಜು ಹಾಕಿ, ಪಾವತಿ ಕೊಟ್ಟು ದಾಖಲೆಗೆ ಸೇರಿಸಿರಿ, ಲೆಕ್ಕ ಗುಟ್ಟಾಗಿರಬಾರದು. ಸಾಕಷ್ಟಿದ್ದರೆ ತರಗತಿಯ ಎಲ್ಲ ಮಕ್ಕಳಿಗೂ ಒಂದೇ ಸಲ ಹಂಚಿರಿ. ಸಾಲದಿದ್ದರೆ ಯಾರಿಗೆ ಬೇಕೆಂಬುದು ತರಗತಿಯ ಶಿಕ್ಷಕರಿಗೆ ಗೊತ್ತಿರುತ್ತದೆ. ಪಟ್ಟಿಯನ್ನು ಫಲಕಕ್ಕೆ ಹಚ್ಚದೆ, ಮಧ್ಯಾಹ್ನದ ಊಟಕ್ಕೆ ಮಕ್ಕಳು ಹೊರಗೆ ಹೋದಾಗ, ವಹಿಗಳನ್ನು ಆಯಾ ದಪ್ತರಗಳೊಳಗೆ ಇಟ್ಟುಬಿಡಿರಿ.